ಅಪ್ಪ ಏಳದ ಭಾನುವಾರ

ಕರ್ತನ ಭೋಜನದ ಭಾನುವಾರ ನಮ್ಮ ಮನೆಯಲ್ಲಿ ಬೆಳಿಗ್ಗೆ ಚಹಾ ಮಾಡುತ್ತಿರಲಿಲ್ಲ. ತಿಂಗಳಿಗೊಮ್ಮೆ, ಮೊದಲ ಭಾನುವಾರ, ಚರ್ಚಿನಲ್ಲಿ ರೊಟ್ಟಿಯ ತುಣುಕೂ ದ್ರಾಕ್ಷಾರಸದ ಗುಟುಕೂ ನಾಲಿಗೆಗೆ ಮುಟ್ಟುವ ತನಕ ಬೇರೇನೂ ಮುಟ್ಟಬಾರದೆಂಬುದು ಅವ್ವ ಹಾಕಿದ ನೇಮ. ಆ ದಿನವೂ ಐದು ಗಂಟೆಗೇ ನಳ ಬಂತು. ನಾನು ಕೊಡ ಹಿಡಿದೆ. ಅವ್ವ ಅಂಗಳದ ಶಾಬಾದ ಕಲ್ಲುಗಳಿಗೆ ನೀರು ಹೊಯ್ದು ಕಸಬರಿಗೆಯಿಂದ ತಿಕ್ಕಿದಳು. ರಾಯಚೂರಿನ ಬೇಸಿಗೆಯಲ್ಲಿ ಆ ಕಲ್ಲುಗಳು ತಣ್ಣಗಿರುತ್ತಿದ್ದುದು ಅದೊಂದು ಹೊತ್ತು ಮಾತ್ರ. ಎರಡು ದಿನದ ಹಿಂದೆ ದೇವದುರ್ಗದಿಂದ ಬಂದಿದ್ದ ಮಾರ್ಥಮ್ಮ ಅತ್ತೆ, ಅಪ್ಪನ ಅಕ್ಕ, ಅಡುಗೆಮನೆಯ ಬಾಗಿಲಿಗೆ ಬಂದು ಹೊತ್ತಿಸದ ಒಲೆಯನ್ನು ಒಮ್ಮೆ ನೋಡಿ ಹಿತ್ತಿಲ ಕಡೆ ನಡೆದಳು. ಕಾಲು ಗಂಟೆಯಾದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ವಾಪಸು ಬಂದಳು. ಹಿತ್ತಿಲ ಗೋಡೆಯಾಚೆ ಬೀಬಿಜಾನ್ ಖಾಲಾ ಇದ್ದಳು. ಅವಳು ಚಹಾಕ್ಕೆ ಶುಂಠಿ ಜಜ್ಜಿ ಹಾಕುವವಳು. ಅತ್ತೆ ನನ್ನ ಪಕ್ಕದಿಂದ ಹಾದುಹೋದಾಗ ಶುಂಠಿ ಘಮ್ಮೆಂದಿತು. ನಾನು ತಲೆ ಎತ್ತಿ ನೋಡಿದೆ. ನಾನು ನೋಡಿದ್ದನ್ನು ಅವ್ವ ನೋಡಿದಳು.

"ಅಕ್ಕಾರ, ಬಾಯಿ ತೊಳಕೊಂಡ್ರೇನು?"

"ತೊಳಕೊಂಡೀನವ್ವಾ. ಕರ್ತ ನಿನ್ನಂಗ ಹತ್ರ ಬಂದು ಮೂಸಿ ನೋಡಂಗಿಲ್ಲ ಬಿಡು."

ನಮ್ಮದು ಶಾಲೆಯ ಹಿಂದಿನ ಎರಡು ಖೋಲಿಯ ಮನೆ. ಅಡುಗೆಮನೆಗೂ ನಡುಮನೆಗೂ ಮಧ್ಯೆ ಇದ್ದ ಗೋಡೆ ಭುಜದೆತ್ತರಕ್ಕೆ ನಿಂತುಬಿಟ್ಟಿತ್ತು, ಮೇಲಕ್ಕೆ ಖಾಲಿ. ಒಬ್ಬರು ನಿಟ್ಟುಸಿರು ಬಿಟ್ಟರೆ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಒಬ್ಬರು ಬೆಲ್ಲದ ಡಬ್ಬಿ ತೆರೆದರೆ ಇನ್ನೊಬ್ಬರು ಯಾಕೆಂದು ಕೇಳುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದ ನನಗೆ ಅನುಮಾನ ಪಡುವುದನ್ನು ಯಾರೂ ಬೇರೆಯಾಗಿ ಕಲಿಸಬೇಕಿರಲಿಲ್ಲ. ಉಳಿದದ್ದನ್ನು ಕಾನ್ವೆಂಟಿನ ಸಿಸ್ಟರ್ ಕಲಿಸಿದರು. ನೀತಿಪಾಠದ ತರಗತಿಯಲ್ಲಿ ಅವರು ನಮ್ಮನ್ನು ಕಣ್ಣು ಮುಚ್ಚಿ ಕೂರಿಸಿ ಮೆಲ್ಲನೆಯ ದನಿಯಲ್ಲಿ ಕೇಳುತ್ತಿದ್ದರು: ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದಿರಾ? ಮಾಡಿದ ಮೇಲೆ, ಯಾರಾದರೂ ನೋಡಿದರಾ ಎಂದು ತಿರುಗಿ ನೋಡಿದಿರಾ? ನೋಡಿದ್ದರೆ ಅದನ್ನು ಇನ್ನೊಮ್ಮೆ ತೂಗಿ. ಹತ್ತು ವರ್ಷದ ಹುಡುಗಿ ನಾನು. ಅಂದಿನಿಂದ ಪೆನ್ಸಿಲ್ ಕೇಳಿದ ಗೆಳತಿಗೆ ಪೆನ್ಸಿಲ್ ಕೊಟ್ಟರೂ ಒಳಗೆ ತಕ್ಕಡಿ ಅಲ್ಲಾಡತೊಡಗಿತು. ಮನೆಯಲ್ಲಿ ಇತರರ ತಕ್ಕಡಿಗಳನ್ನೂ ನೋಡತೊಡಗಿದೆ.

ಭೋಜನದ ದಿನಕ್ಕೆ ಇನ್ನೂ ಒಂದು ಪದ್ಧತಿ ಇತ್ತು. ಹೊರಡುವ ಮುನ್ನ ಹೊಸ್ತಿಲ ಬಳಿ ನಿಂತು ಒಬ್ಬರಿಗೊಬ್ಬರು, "ನನ್ನಿಂದೇನರ ತಪ್ಪಾಗಿದ್ರ ಕ್ಷಮಿಸಿಬಿಡ್ರಿ" ಅನ್ನಬೇಕು. ಯಾರ ಮೇಲಾದರೂ ಮನಸ್ಸು ಮುರಿದುಕೊಂಡು, ಯಾರಿಗಾದರೂ ಅನ್ಯಾಯ ಮಾಡಿ, ಅದನ್ನು ಸರಿಮಾಡಿಕೊಳ್ಳದೆ ಆ ರೊಟ್ಟಿಗೆ ಕೈ ಚಾಚಬಾರದು. ಇದು ನಮ್ಮ ಸಭೆಯಲ್ಲಿ ಎಲ್ಲರೂ ಒಪ್ಪಿದ ಮಾತು. ಅವ್ವ ಇದನ್ನು ಗೋಡೆಯಾಚೆಗೂ ದಾಟಿಸಿದ್ದಳು. ಹಿತ್ತಿಲಿಗೆ ಹೋಗಿ ಬೀಬಿಜಾನ್ ಖಾಲಾಗೂ ಕೈಮುಗಿದು ಕ್ಷಮೆ ಕೇಳುತ್ತಿದ್ದಳು. ಖಾಲಾಗೆ ಪ್ರತಿ ತಿಂಗಳೂ ನಗು.

"ಯಾ ಅಲ್ಲಾ, ತಿಂಗಳ ತಿಂಗಳ ಮಾಫಿ ಕೇಳ್ತೀಯಲ್ಲ ಅಕ್ಕಾ, ಖರೇ ಹೇಳು, ನನಗ ಗೊತ್ತಾಗದಂಗ ಏನ್ ಮಾಡಾಕತ್ತಿ?"

ಆ ಬೆಳಿಗ್ಗೆ ಅವ್ವ ಹೇಳಿದಳು, ಅತ್ತೆ ಹೇಳಿದಳು, ನಾನೂ ಹೇಳಿದೆ. ಅಪ್ಪ ಹೇಳಲಿಲ್ಲ. ಕೊಡೆ ಹುಡುಕುವವನಂತೆ ಒಳಗೆ ಹೋಗಿ, ಕೊಡೆಯಿಲ್ಲದೆ ಹೊರಗೆ ಬಂದು, ಬೀದಿಗಿಳಿದ. ಅವ್ವ ಕೀಲಿ ಹಾಕುತ್ತ ನನ್ನ ಮುಖ ನೋಡಿದಳು. ನಾನು ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳಲು ಬಗ್ಗಿದೆ.

ಅದು ನಮ್ಮ ಮನೆಯ ದೊಡ್ಡ ದಿನವಾಗಬೇಕಿತ್ತು. ವಾರದ ಹಿಂದೆ ಅಪ್ಪನಿಗೆ, ಸಮುವೇಲ ಮಾಸ್ತರಿಗೆ, ತಾನು ಪಾಠ ಹೇಳುತ್ತಿದ್ದ, ಮನೆಯ ಮುಂದಿನ ಮಿಶನ್ ಶಾಲೆಯ ಹೆಡ್‌ಮಾಸ್ತರ್ ಹುದ್ದೆ ಬಂದಿತ್ತು. ಅಂದು ಸಂಜೆ ಮನೆಯಲ್ಲಿ ಸ್ತೋತ್ರಕೂಟ. ಕರ್ತನು ಮಾಡಿದ ಉಪಕಾರವನ್ನು ಅಪ್ಪ ನಾಲ್ಕು ಜನರ ಮುಂದೆ ಹೇಳಬೇಕು, ಪಾದ್ರಿ ಅಯ್ಯನವರು ಪ್ರಾರ್ಥಿಸಬೇಕು, ಆಮೇಲೆ ಊಟ. ಅತ್ತೆ ಇದಕ್ಕಾಗಿಯೇ ದೇವದುರ್ಗದಿಂದ ಸಜ್ಜೆ ಹಿಟ್ಟು, ಶೇಂಗಾ, ತಾನೇ ಕುಟ್ಟಿದ ಕಾರಪುಡಿ ಹೊತ್ತು ತಂದಿದ್ದಳು. ನಮ್ಮಜ್ಜ ದೇವದುರ್ಗದಲ್ಲಿ ಇದೇ ಆಡಳಿತದ ಇನ್ನೊಂದು ಶಾಲೆಯ ಅಂಗಳ ಗುಡಿಸುತ್ತಿದ್ದ. ಅತ್ತೆ ಅವನ ಹಿಂದೆ ಬುಟ್ಟಿ ಹಿಡಿದು ಓಡಾಡಿದವಳು. ಹುದ್ದೆಯ ಸುದ್ದಿ ಬಂದಾಗಿನಿಂದ ಅವಳು ಅದನ್ನು ಹುದ್ದೆ ಅನ್ನುತ್ತಿರಲಿಲ್ಲ, ಕುರ್ಚಿ ಅನ್ನುತ್ತಿದ್ದಳು.

"ನಮ್ಮಪ್ಪ ಅಂಥಾ ಕುರ್ಚಿ ಧೂಳ ಒರಸ್ಯಾನ, ಕುಂತಿಲ್ಲ. ನನ್ನ ತಮ್ಮ ಕುಂಡ್ರತಾನ. ಕರ್ತ ಎತ್ತಿದ ಅಂದ್ರ ಹಿಂಗ ಎತ್ತತಾನ ನೋಡು, ಸಾರವ್ವ" ಎಂದು ನನ್ನ ತಲೆ ಸವರುತ್ತಿದ್ದಳು.

ಅವ್ವ ಮಾತ್ರ ಸುದ್ದಿ ಬಂದ ದಿನ ಸಿಹಿ ಮಾಡಿರಲಿಲ್ಲ. ರವೆ ಹುರಿಯಲು ಬಾಣಲೆ ಇಟ್ಟವಳು, "ಇದು ಮಾನ್ವಿ ದೇವಪುತ್ರ ಅಣ್ಣಾರಿಗೆ ಬರಬೇಕಿತ್ತಲ್ರೀ?" ಎಂದು ಕೇಳಿದಳು. ದೇವಪುತ್ರ ಮಾಸ್ತರರು ಇದೇ ಆಡಳಿತದ ಮಾನ್ವಿಯ ಶಾಲೆಯಲ್ಲಿದ್ದವರು, ಅಪ್ಪನಿಗಿಂತ ಹಿರಿಯರು, ಅಪ್ಪನಿಗೆ ಪಾಠ ಹೇಳುವುದನ್ನು ಕಲಿಸಿದವರೇ ಅವರು. "ಸಮಿತಿಯವರು ತೀರ್ಮಾನ ಮಾಡ್ಯಾರ" ಎಂದು ಅಪ್ಪ ಪೇಪರು ತೆರೆದ. ಅವ್ವ ಬಾಣಲೆ ಇಳಿಸಿದಳು. ಅವ್ವನ ಸ್ವಭಾವವೇ ಅದು. ಮನೆಗೆ ಒಳ್ಳೆಯದೇನಾದರೂ ಬಂದರೆ ಅದು ಯಾರ ಮನೆಯ ಮುಂದಿನಿಂದ ಹಾದು ಬಂತು ಎಂದು ಮೊದಲು ವಿಚಾರಿಸುವವಳು. ದೇವರು ಕೊಡುತ್ತಾನೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಬಂದದ್ದೆಲ್ಲ ದೇವರೇ ಕೊಟ್ಟದ್ದು ಎಂಬುದರಲ್ಲಿ ಬಹಳ ಸಂಶಯವಿತ್ತು.

ಚರ್ಚಿನಲ್ಲಿ ನಾವು ಎಡಗಡೆಯ ಮೂರನೆಯ ಬೆಂಚು. ಭೋಜನದ ಹೊತ್ತಿಗೆ ಒಂದೊಂದು ಬೆಂಚಿನವರೂ ಎದ್ದು, ಮುಂದಿನ ಕಟಕಟೆಯ ಬಳಿ ಮೊಣಕಾಲೂರಿ, ಅಂಗೈ ಒಡ್ಡುತ್ತಾರೆ. ಯಾರನ್ನೂ ಕರೆಯುವುದಿಲ್ಲ, ಯಾರನ್ನೂ ತಡೆಯುವುದಿಲ್ಲ. ಆದರೆ ಕುಳಿತೇ ಉಳಿದವರನ್ನು ಮಾತ್ರ ಎಲ್ಲರೂ ನೋಡುತ್ತಾರೆ. ತಲೆ ಬಗ್ಗಿಸಿಕೊಂಡೇ ನೋಡುವ ಒಂದು ಕಲೆ ನಮ್ಮ ಸಭೆಯ ಹೆಂಗಸರಿಗೆಲ್ಲ ಇತ್ತು. ಹಿಂದೊಮ್ಮೆ ನಳದ ಸರತಿಗಾಗಿ ಕೊಡ ಎತ್ತಿ ಬಡಿದಾಡಿದ ಇಬ್ಬರು ಹೆಂಗಸರು ಎರಡು ತಿಂಗಳು ಏಳಲಿಲ್ಲ. ಮೂರನೆಯ ತಿಂಗಳು ಒಬ್ಬಳು ಎದ್ದಳು, ಇನ್ನೊಬ್ಬಳು ಏಳಲಿಲ್ಲ. ಆಗ ತಪ್ಪು ಯಾರದೆಂದು ಇಡೀ ಸಭೆ ತೀರ್ಮಾನ ಮಾಡಿತು, ಅದೂ ತಪ್ಪಾಗಿ ಮಾಡಿತು. ಆ ಭಾನುವಾರ ನಮ್ಮ ಬೆಂಚಿನ ಸರದಿ ಬಂದಾಗ ಅವ್ವ ಎದ್ದಳು, ಅತ್ತೆ ಎದ್ದಳು. ನಾನು ಅಪ್ಪನ ಮೊಣಕಾಲು ದಾಟಿ ಹೋಗಬೇಕಿತ್ತು, ಅವನು ಏಳಲಿ ಎಂದು ನಿಂತೆ. ಅಪ್ಪ ಮೊಣಕಾಲನ್ನು ಪಕ್ಕಕ್ಕೆ ಸರಿಸಿ ನನಗೆ ದಾರಿ ಬಿಟ್ಟ. ಅಷ್ಟೇ. ಕೈಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡು, ಮುಂದಿನ ಬೆಂಚಿನ ಮೊಳೆಯೊಂದನ್ನು ನೋಡುತ್ತ ಕುಳಿತೇ ಇದ್ದ. ಕಟಕಟೆಯ ಬಳಿ ಮೊಣಕಾಲೂರಿದಾಗ ನನ್ನ ಬೆನ್ನಿನ ಮೇಲೆ ಎಲ್ಲರ ಕಣ್ಣೂ ಇದ್ದಂತೆ ಅನಿಸಿತು. ಅಂಗೈ ಒಡ್ಡಿದೆ. ಅತ್ತೆ ಗಟ್ಟಿಯಾಗಿ ಆಮೆನ್ ಅಂದಳು, ತಮ್ಮನ ಪಾಲಿನದನ್ನೂ ಸೇರಿಸಿ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಮೊದಲು ಬಾಯಿ ತೆರೆದವಳು ಅತ್ತೆ.

"ಏನೋ ತಮ್ಮಾ, ಕಾಲು ನೋವೇನು? ಕಾಲು ನೋವು ಅಂತ ನಾಲ್ಕು ಮಂದಿಗೆ ಹೇಳಿ ಬಂದೀನಿ."

"ಯಾಕ ಹೇಳಿದೆಕ್ಕಾ?"

"ಮತ್ತೇನ್ ಹೇಳ್ಲಿ? ಇವತ್ತು ಸಂಜೀಕ ಮಂದಿ ಬರ್ತಾರ. ಕುರ್ಚಿ ಸಿಕ್ಕಿದ ವಾರಾನ ಕರ್ತನ ಭೋಜನ ಬಿಟ್ಟ ಅಂದ್ರ ಏನಂತಾರ? ಏನೋ ತಿಂದಾನ ಅಂತಾರ."

ಅಪ್ಪ ಅಂಗಿ ಬದಲಿಸದೆ ನಿಂತಿದ್ದ. "ಮಾನ್ವಿಗೆ ಹೋಗಿ ಬರ್ತೀನಿ. ಸಾರಾನ್ನ ಕರಕೊಂಡು ಹೋಗ್ತೀನಿ. ಕೂಟದ ಹೊತ್ತಿಗೆ ಬರ್ತೀವಿ" ಎಂದ. ಅವ್ವ ನಿನ್ನೆಯ ಜೋಳದ ರೊಟ್ಟಿ ಒಂದು ಸುರುಳಿ ಸುತ್ತಿ ನನ್ನ ಕೈಗಿಟ್ಟಳು. ನನ್ನ ಜಡೆ ಬಿಗಿ ಮಾಡುವ ನೆಪದಲ್ಲಿ ಒಲೆಯ ಹತ್ತಿರ ಕರೆದುಕೊಂಡು ಹೋಗಿ, ಆ ಭುಜದೆತ್ತರದ ಗೋಡೆಯ ಕೆಳಗೆ ಕೂರಿಸಿ, ಕಿವಿಯ ಹತ್ತಿರ ಕೇಳಿದಳು:

"ಮಳಿಗಾಲದಾಗ ನಮ್ಮ ಮನ್ಯಾಗ ಶುಕ್ರವಾರದ ಪ್ರಾರ್ಥನಿ ಆಗಿತ್ತಲ್ಲ, ನೀ ನಿಮ್ಮಪ್ಪನ ಎದುರಿಗೇ ಕುಂತಿದ್ದಿ. ಅವತ್ತು ಏನರ ನೋಡಿದೇನು?"

"ಪ್ರಾರ್ಥನಿ ಟೈಮಿಗೆ ನಾ ಕಣ್ಣು ಮುಚ್ಚಿರ್ತೀನಿ, ಅವ್ವಾ."

"ಹೌದು. ಎಲ್ಲರೂ ಮುಚ್ಚಿರ್ತಾರ" ಎಂದು ಅವ್ವ ಜಡೆಯನ್ನು ನೋಯುವಷ್ಟು ಬಿಗಿದಳು.

ನಾನು ನೋಡಿದ್ದೆ. ನಮ್ಮಲ್ಲಿ ಪ್ರತಿ ಶುಕ್ರವಾರ ಒಂದೊಂದು ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಆ ಸಲ ನಮ್ಮ ಮನೆಯ ಸರದಿ. ಸಭೆಯ ಹಿರಿಯರೂ ಶಾಲಾ ಸಮಿತಿಯ ಸದಸ್ಯರೂ ಆಗಿದ್ದ ಜಯರಾಜ್ ಎಂಬವರು ಎಂದೂ ಮನೆಗಳ ಪ್ರಾರ್ಥನೆಗೆ ಬಂದವರಲ್ಲ, ಅಂದು ಬಂದಿದ್ದರು. ಅಪ್ಪ ತಾನೇ ಹೋಗಿ ಕರೆದು ಬಂದಿದ್ದ. ಬೆತ್ತದ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಹಾಕಿದ್ದ. ಉಳಿದವರೆಲ್ಲ ಜಮಖಾನೆಯ ಮೇಲೆ. ಒಬ್ಬೊಬ್ಬರೇ ಗಟ್ಟಿಯಾಗಿ ಪ್ರಾರ್ಥಿಸುತ್ತ ಬಂದು ಅಪ್ಪನ ಸರದಿ ಬಂತು. ಮನೆಯಲ್ಲಿ ನಮ್ಮಂತೆಯೇ ಮಾತಾಡುವ ಅಪ್ಪ ಪ್ರಾರ್ಥನೆಗೆ ಮಾತ್ರ ಪುಸ್ತಕದ ಕನ್ನಡ ಬಳಸುತ್ತಿದ್ದ. "ಕರ್ತನೇ, ಮಾನ್ವಿಯಲ್ಲಿರುವ ನಿನ್ನ ಸೇವಕನಾದ ದೇವಪುತ್ರನನ್ನು ಕುಡಿತದ ಉರುಲಿನಿಂದ ಬಿಡಿಸು. ಅವನನ್ನು ನಾನು ಸೇಂದಿ ಅಂಗಡಿಯ ಬಾಗಿಲಲ್ಲಿ ಕಂಡು ನನ್ನ ಹೃದಯ ಒಡೆಯಿತು" ಎಂದ. ದನಿ ನಿಜವಾಗಿಯೂ ನಡುಗಿತು. ಎಲ್ಲರ ಕಣ್ಣೂ ಮುಚ್ಚಿತ್ತು. ನಾನು ಪ್ರಾರ್ಥನೆಯಲ್ಲಿ ಯಾರ ಬಾಯಿ ಹೇಗೆ ಅಲುಗುತ್ತದೆಂದು ನೋಡುವ ಚಟದವಳು, ರೆಪ್ಪೆಯ ಸಂದಿಯಿಂದ ನೋಡುತ್ತಿದ್ದೆ. ಅಪ್ಪನ ಕಣ್ಣು ತೆರೆದಿತ್ತು. ಅವನು ಜಯರಾಜರ ಮುಖ ನೋಡುತ್ತಿದ್ದ. ಆಮೇಲೆ ಆ ಕಣ್ಣು ತಿರುಗಿ ನನ್ನ ಕಣ್ಣಿಗೆ ಸಿಕ್ಕಿತು. ಒಂದು ಉಸಿರಿನಷ್ಟು ಹೊತ್ತು. ಬಳಿಕ ಅಪ್ಪ ಕಣ್ಣು ಮುಚ್ಚಿ, ಇನ್ನೂ ಗಟ್ಟಿಯಾದ ದನಿಯಲ್ಲಿ ಪ್ರಾರ್ಥನೆ ಮುಂದುವರಿಸಿದ.

ಹೀಗೆ ಹೇಳಿದ ಮಾತಿಗೆ ಚಾಡಿ ಎಂದು ಹೆಸರಿಡಲು ಬರುವುದಿಲ್ಲ. ಮರುದಿನದಿಂದಲೇ ಅದು ಮನೆಯಿಂದ ಮನೆಗೆ ಹೋಯಿತು: "ನೀವೂ ಪ್ರಾರ್ಥನಿ ಮಾಡ್ರಿ ಅಂತ ಹೇಳಾಕತ್ತೀನಿ, ಯಾರ ಮುಂದೂ ಅನಬ್ಯಾಡ್ರಿ." ಈಗ ನನ್ನ ಫೋನಿನಲ್ಲೂ ಸಭೆಯ ವಾಟ್ಸಾಪ್ ಗುಂಪಿದೆ. ಯಾರ ಮಗಳು ಗಂಡನನ್ನು ಬಿಟ್ಟು ಬಂದಳು, ಯಾರ ಮಗ ಯಾವ ಆಸ್ಪತ್ರೆಯಲ್ಲಿದ್ದಾನೆ, ಎಲ್ಲವೂ ಕೈಮುಗಿದ ಚಿತ್ರದ ಜೊತೆಗೇ ಬರುತ್ತದೆ. ನಾನು ಓದುತ್ತೇನೆ, ನಿಜವಾಗಿಯೂ ಪ್ರಾರ್ಥಿಸುತ್ತೇನೆ, ಆದರೆ ಕಳಿಸಿದವರು ಯಾರೆಂದು ಮೊದಲು ನೋಡುತ್ತೇನೆ.

ಮಾನ್ವಿಯ ಬಸ್ಸಿನಲ್ಲಿ ಅಪ್ಪ ಕಿಟಕಿಯ ಸೀಟು ನನಗೆ ಕೊಟ್ಟ. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಅಪ್ಪ ನನ್ನನ್ನು ಯಾಕೆ ಕರೆದುಕೊಂಡು ಹೊರಟಿದ್ದಾನೆಂದು ನನಗೆ ದಾರಿಯುದ್ದಕ್ಕೂ ಅನುಮಾನ. ಅಲ್ಲಿ ನನ್ನ ಬಾಯಿಂದ ಹೇಳಿಸುತ್ತಾನೋ, ಹೇಳಬೇಡ ಎಂದು ಆಣೆ ಹಾಕಿಸುತ್ತಾನೋ. ಕಲ್ಲೂರಿನಲ್ಲಿ ಬಸ್ಸು ನಿಂತಿತು. ಡ್ರೈವರ್ ಇಳಿದು ಚಹಾಕ್ಕೆ ಹೋದ. ಅಪ್ಪ ಮುಂದಿನ ಸೀಟಿನ ಕಬ್ಬಿಣದ ಸರಳು ಹಿಡಿದುಕೊಂಡು, ನನ್ನ ಕಡೆ ತಿರುಗದೆ ಮಾತಾಡಿದ.

"ಅವತ್ತು ನೀ ನೋಡಿದಿ, ಹೌದಿಲ್ಲೋ?"

"ಇಲ್ಲಪ್ಪಾ. ನಾ ಕಣ್ಣು ಮುಚ್ಚಿದ್ದೆ."

"ಹ್ಞೂಂ. ನಂದಂತೂ ತೆರದಿತ್ತು."

ಕಿಟಕಿಯ ಹೊರಗೆ ಒಂದು ಎತ್ತಿನ ಬಂಡಿ ಹಾದುಹೋಯಿತು. ಆಮೇಲೆ ನಾನೇ ಕೇಳಿದೆ.

"ಮತ್ತ ನನ್ನ ಯಾಕ ಕರಕೊಂಡು ಬಂದಿ?"

"ಇಲ್ಲೇ ಕಲ್ಲೂರಾಗ ಇಳದು ತಿರುಗಿ ಹೋಗಬಾರದಲ್ಲ, ಅದಕ್ಕ. ಹೋದ ರವಿವಾರ ಒಬ್ಬನ ಬಂದಿದ್ದೆ. ಇಲ್ಲಿ ತನಕ ಬಂದು ತಿರುಗಿದೆ."

ದೇವಪುತ್ರ ಮಾಸ್ತರರ ಮನೆ ಮಾನ್ವಿಯಲ್ಲಿ ಕಾಲುವೆಯ ಕಡೆಗೆ. ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕುಳಿತು ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದರು. ಭಾನುವಾರ ನೋಟುಬುಕ್ಕು ತಿದ್ದುವ ಮಾಸ್ತರರನ್ನು ನಾನು ಮೊದಲು ನೋಡಿದ್ದು ಆಗಲೇ. ಬಾಗಿಲ ಪಕ್ಕದ ಗೂಟಕ್ಕೆ ಹೆಣ್ಣುಮಕ್ಕಳ ಒಂದು ಹಳೆಯ ಸೀರೆ ಮಡಚಿ ಹಾಕಿತ್ತು. ಮನೆಯಲ್ಲಿ ಹೆಣ್ಣುಮಕ್ಕಳು ಯಾರೂ ಕಾಣಲಿಲ್ಲ. ಅವರು ಎದ್ದು ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ಹೊರಸಿನ ಮೇಲೆ ನಮ್ಮನ್ನು ಕೂರಿಸಿ ತಾವು ಕಲ್ಲಿನ ಮೇಲೆ ಕುಳಿತರು. ಅಪ್ಪ ಮಜ್ಜಿಗೆಯ ಲೋಟವನ್ನು ಕುಡಿಯದೆ ಹಿಡಿದುಕೊಂಡಿದ್ದ.

"ಅಣ್ಣಾರ, ನಿಮ್ಮ ಸಲುವಾಗಿ ಒಂದು ಪ್ರಾರ್ಥನಿ ಮಾಡಿದ್ದೆ."

"ಗೊತ್ತದ. ಮಾನ್ವಿ ತನಕ ಕೇಳಿಸ್ತು."

"ಸುಳ್ಳಂತೂ ಹೇಳಿದ್ದಿಲ್ಲ."

"ನೀ ಯಾಕ ಸುಳ್ಳು ಹೇಳ್ತಿ? ಕುಡದಿದ್ದೆ. ಈ ಹುಡುಗಿ ಕಾಕೀನ್ನ, ನನ್ನ ಹೆಂಡ್ತೀನ್ನ" ಎಂದು ನನ್ನ ಕಡೆ ತೋರಿಸಿದರು, "ದವಾಖಾನ್ಯಾಗ ಹಾಕಿದ್ದೆ. ಇನ್ನ ಉಳಿಯಂಗಿಲ್ಲ, ಮನಿಗೆ ಒಯ್ರಿ ಅಂದ್ರು ಡಾಕ್ಟರು. ಮನಿಗೆ ಒಯ್ಯಾಕ ಧೈರ್ಯ ಬೇಕಾಗಿತ್ತು. ಸೇಂದಿ ಅಂಗಡ್ಯಾಗ ಸಿಕ್ತು. ಅದೊಂದು ದಿನ. ನೀ ಆ ದಿನಾನ ಆ ದಾರ್ಯಾಗ ಬಂದಿ, ಏನ್ ಮಾಡೋದು."

"ನನ್ನ ಮಾತಾಡಿಸಬೇಕಿತ್ರಿ."

"ನೀ ಮಾತಾಡಿಸಬೇಕಿತ್ತು. ನೀ ನೋಡಿದ್ದು ನಾನೂ ನೋಡಿದ್ದೆ." ಅವರು ನೋಟುಬುಕ್ಕಿನ ಮೂಲೆ ಮಡಚಿ, ಬಿಡಿಸಿ, ಮತ್ತೆ ಮಡಚಿದರು. "ಸಮುವೇಲಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ದೇವರಿಗೆ ಹೇಳಾಕ ಅಷ್ಟು ದೊಡ್ಡ ದನಿ ಯಾಕ ಬೇಕಾತು?"

ಅಪ್ಪ ಲೋಟವನ್ನು ಕೆಳಗಿಟ್ಟ. ಹುದ್ದೆ ಬಿಡುತ್ತೇನೆ, ಇವತ್ತೇ ಎಲ್ಲರ ಮುಂದೆ ಹೇಳುತ್ತೇನೆ ಎಂದ. ದೇವಪುತ್ರ ಮಾಸ್ತರರು ನಕ್ಕರು. ಆ ನಗುವಿನಲ್ಲಿ ಕಹಿ ಇತ್ತೋ ದಣಿವಿತ್ತೋ, ಆಗ ತಿಳಿಯಲಿಲ್ಲ.

"ಬಿಟ್ರ ನನಗ ಬರ್ತದೇನು? ಕುಡುಕ ಅಂತ ಕಾಗದದಾಗ ಬರದಾಗ್ಯದ. ನನಗ ಬರಲಿ ಅಂತ ಬಿಡಾಕತ್ತಿಯೋ, ನಿನಗ ನಿದ್ದಿ ಬರಲಿ ಅಂತ ಬಿಡಾಕತ್ತಿಯೋ?"

"ಅದೂ ನನಗ ಗೊತ್ತಾಗವಲ್ದು, ಅಣ್ಣಾರ. ಕ್ಷಮಿಸಿಬಿಡ್ರಿ ಅನ್ನಾಕ ಬಂದೀನಿ."

"ಇವತ್ತು ಆಗಂಗಿಲ್ಲಪ್ಪಾ. ಬಾಯಿಲೆ ಅಂದುಬಿಡಬಹುದು, ಖರೆ ಅಂದಂಗ ಆಗಂಗಿಲ್ಲ. ಊಟದ ಹೊತ್ತಾತು. ಹುಡುಗಿ ಬಿಸಲಾಗ ಬಂದದ. ಉಂಡು ಹೋಗ್ರಿ."

ಅವರೇ ರೊಟ್ಟಿ ಬಡಿದರು. ಹೆಸರುಕಾಳಿನ ಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ. ನನ್ನ ತಾಟಿಗೆ ಕೆನೆ ನೋಡಿ ನೋಡಿ ಹಾಕಿದರು. ಕ್ಷಮಿಸುವುದಿಲ್ಲ ಎಂದವರು ಹೀಗೆ ಬಡಿಸುತ್ತಾರಲ್ಲ ಎಂದು ಅದರಲ್ಲೂ ನನಗೆ ಅನುಮಾನ. ಮೊಸರನ್ನು ನಾಲಿಗೆಯ ತುದಿಯಲ್ಲಿ ಮುಟ್ಟಿ ನೋಡಿ ಆಮೇಲೆ ಉಂಡೆ. ಅಪ್ಪ ಬೆಳಗಿನಿಂದ ಉಪವಾಸ. ಆ ಮನೆಯ ರೊಟ್ಟಿಯ ಮೊದಲ ತುಣುಕನ್ನು ಬಹಳ ಹೊತ್ತು ಅಗಿದ.

ಸಂಜೆ ಆರಕ್ಕೆ ಜಮಖಾನೆ ಹಾಸಿತ್ತು. ಜಯರಾಜರು ಬೆತ್ತದ ಕುರ್ಚಿಯಲ್ಲಿ, ಪಾದ್ರಿ ಅಯ್ಯನವರು ಕಬ್ಬಿಣದ ಕುರ್ಚಿಯಲ್ಲಿ, ಉಳಿದ ಇಪ್ಪತ್ತು ಮಂದಿ ಕೆಳಗೆ. ಅಪ್ಪನ ಕಾಲು ಹೇಗಿದೆ ಎಂದು ಮೂವರು ಕೇಳಿದರು, ಕೇಳುವಾಗ ಕಾಲನ್ನೇ ನೋಡಿದರು. ಹಾಡು ಮುಗಿಯಿತು. ಕರ್ತನು ಮಾಡಿದ ಉಪಕಾರವನ್ನು ಹೇಳಿರಿ ಎಂದು ಅಯ್ಯನವರು ಅಪ್ಪನಿಗೆ ಕೈ ಸನ್ನೆ ಮಾಡಿದರು. ಅಪ್ಪ ಎದ್ದು ನಿಂತ. ಪುಸ್ತಕದ ಕನ್ನಡದಲ್ಲಿ ಆರಂಭಿಸಿ, ಎರಡು ವಾಕ್ಯಕ್ಕೇ ನಿಲ್ಲಿಸಿ, ಮನೆಯ ಮಾತಿಗೆ ಇಳಿದ.

"ಈ ಹುದ್ದಿ ಕರ್ತ ಕೊಟ್ಟದ್ದಲ್ಲ. ನಾ ತಗೊಂಡೀನಿ. ಇದೇ ಮನ್ಯಾಗ, ಪ್ರಾರ್ಥನಿ ಮಾಡಿ ತಗೊಂಡೀನಿ. ದೇವಪುತ್ರ ಅಣ್ಣಾರು ಒಂದು ದಿನ ಕುಡದಿದ್ದು ಖರೆ. ಅದನ್ನ ನಾ ದೇವರಿಗೆ ಹೇಳಲಿಲ್ಲ, ಜಯರಾಜ್ ಸಾಹೇಬ್ರಿಗೆ ಹೇಳಿದೆ. ನನಗ ಈ ಹುದ್ದಿ ಬ್ಯಾಡ. ನಾಳೆ ಬರದು ಕೊಡ್ತೀನಿ."

ಜಯರಾಜರು ಕನ್ನಡಕ ತೆಗೆದು ಒರೆಸಿದರು.

"ಮಾಸ್ತರ್ರೇ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಪ್ರಾರ್ಥನಿ ಕೇಳಿ ಸಮಿತಿ ತೀರ್ಮಾನ ಮಾಡಂಗಿಲ್ಲ."

ಜನರ ಮುಂದೆ ಎಂದೂ ಬಾಯಿ ತೆರೆಯದ ಅವ್ವ ಅಡುಗೆಮನೆಯ ಗೋಡೆಯ ಮೇಲಿನಿಂದ ತಲೆ ಎತ್ತಿದಳು.

"ಮತ್ತ ಏನು ಕೇಳಿ ಮಾಡಿದ್ರಿ, ಅದನ್ನರ ಹೇಳಿಬಿಡ್ರಿ."

ಅಯ್ಯನವರು ಅವಸರದಲ್ಲಿ ಒಂದು ಚಿಕ್ಕ ಪ್ರಾರ್ಥನೆ ಮಾಡಿದರು. ಏನನ್ನು ಬೇಡಬೇಕೆಂದು ತಿಳಿಯದೆ ಮಳೆಗಾಗಿ ಬೇಡಿದರು. ಆ ಪ್ರಾರ್ಥನೆಯಲ್ಲಿ ಬಹುಶಃ ಒಬ್ಬರೂ ಕಣ್ಣು ಮುಚ್ಚಿರಲಿಲ್ಲ. ಊಟವನ್ನು ಮಾತ್ರ ಯಾರೂ ಬಿಡಲಿಲ್ಲ. ಪಲ್ಯಕ್ಕೆ ಉಪ್ಪು ಮುಂದಾಗಿದೆ ಎಂದು ಒಬ್ಬರು ಹೇಳಿದಾಗ ಎಲ್ಲರಿಗೂ ಮಾತಾಡಲು ಒಂದು ವಿಷಯ ಸಿಕ್ಕಂತಾಗಿ ಬಹಳ ಹೊತ್ತು ಉಪ್ಪಿನ ಬಗ್ಗೆಯೇ ಮಾತಾಡಿದರು.

ಮಂದಿ ಹೋದ ಮೇಲೆ ಅತ್ತೆ ತನ್ನ ಚೀಲ ತುಂಬತೊಡಗಿದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನಮ್ಮಪ್ಪ ಹುಟ್ಟಿದಾಗಿಂದ ಸಾಯೋ ತನಕ ಬಗ್ಗಿ ಗುಡಿಸಿದ್ದು ಇಂಥಾ ಅಂಗಳಾನ. ಅದರ ಮ್ಯಾಲ ಒಂದು ಕುರ್ಚಿ ಬಿದ್ದಿತ್ತು ನಮಗ. ನಾಲ್ಕು ಮಾತಿನ್ಯಾಗ ಎತ್ತಿ ಒಗದಿ. ನೀ ಸ್ವರ್ಗಕ್ಕ ಹೋಗ್ತಿಯೋ ತಮ್ಮಾ, ಹೋಗು. ಹಿಂದ ಉಳಿದೋರು ನಾವು."

"ದೇವಪುತ್ರ ಅಣ್ಣಾರೂ ನಮ್ಮವರ ಅಲ್ಲೇನ್ರಿ, ಅಕ್ಕಾರ? ಅವರಪ್ಪನೂ ಗುಡಿಸ್ಯಾನ" ಎಂದಳು ಅವ್ವ.

ಅತ್ತೆ ಚೀಲದ ಬಾಯಿ ಕಟ್ಟಿದಳು. ಮರುದಿನ ಮೊದಲ ಬಸ್ಸಿಗೆ ಹೋದವಳು ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಅವಳ ಮಾತನ್ನು ನಾನು ಇಂದಿಗೂ ತಳ್ಳಿಹಾಕಲಾರೆ. ಆ ಕುರ್ಚಿಗೆ ಕೊನೆಗೆ ಬಂದವರು ಅಪ್ಪನೂ ಅಲ್ಲ, ದೇವಪುತ್ರ ಮಾಸ್ತರರೂ ಅಲ್ಲ, ಹೊರಗಿನವರು ಯಾರೋ. ಹಾಗಾದರೆ ಅಪ್ಪ ಗೆದ್ದದ್ದೇನು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ತೋರಿಸಲು ಏನೂ ಇಲ್ಲ. ಏಳಿಗೆಯೆಲ್ಲ ದೇವರ ಆಶೀರ್ವಾದ ಎಂದು ನಮ್ಮ ವೇದಿಕೆಗಳಲ್ಲಿ ಈಗ ಮೈಕು ಹಿಡಿದು ಹೇಳುವುದನ್ನು ಕೇಳಿದಾಗ ನನಗೆ ಆ ಜಮಖಾನೆ ನೆನಪಾಗುತ್ತದೆ. ಅಪ್ಪನ ಬಗೆಗೂ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಅಂದು ಎಲ್ಲರೂ ಅವನನ್ನು ಹೆಡ್‌ಮಾಸ್ತರನ್ನು ನೋಡುವುದಕ್ಕಿಂತ ಹೆಚ್ಚಿನ ಭಯಭಕ್ತಿಯಿಂದ ನೋಡಿದ್ದರು. ಅದು ಅವನಿಗೆ ರುಚಿಸಲಿಲ್ಲ ಎಂದು ನಾನು ಹೇಗೆ ಹೇಳಲಿ? ಮಾತಾಡುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ ಎಂದು ಬರೆಯಲು ಆಸೆ. ಆದರೆ ನಾನು ಗಮನವಿಟ್ಟು ನೋಡಿದ್ದೆ. ಒಮ್ಮೆ ಅವ್ವನ ಕಡೆ ನೋಡಿದ.

ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ ಮೇಲೆ, ಹಿತ್ತಿಲ ದೀಪ ಹಾಕಿಕೊಂಡು, ಅವ್ವನೂ ನಾನೂ ಹಿತ್ತಿಲಲ್ಲಿ ಪಾತ್ರೆ ತೊಳೆಯಲು ಕುಳಿತೆವು. ಅಪ್ಪ ಹಿತ್ತಿಲ ಮೆಟ್ಟಿಲ ಮೇಲೆ ತಾಟು ಇಟ್ಟುಕೊಂಡು ಉಣ್ಣುತ್ತಿದ್ದ. ಎಲ್ಲರಿಗೂ ಬಡಿಸಿ ಉಳಿದಿದ್ದ ಸಜ್ಜೆ ರೊಟ್ಟಿ, ಉಪ್ಪು ಮುಂದಾದ ಪಲ್ಯ. ಒಂದು ಮುಗಿಸಿ ಇನ್ನೊಂದು ಕೇಳಿದ, ಅದನ್ನು ಮುಗಿಸಿ ಮತ್ತೊಂದು. ಅವ್ವ ಬೂದಿಗೈಯಲ್ಲೇ ಎದ್ದು ಹೋಗಿ ತಂದು ಹಾಕಿದಳು. ಗೋಡೆಯಾಚೆ ಬೀಬಿಜಾನ್ ಖಾಲಾ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಎಲ್ಲವನ್ನೂ ಅವಳು ಕಿಟಕಿಯಿಂದ ಕೇಳಿಸಿಕೊಂಡಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. ಕೈಯಲ್ಲಿದ್ದ ಚಾದರ ಝಾಡಿಸಿ, ಎರಡಾಗಿ ಮಡಚಿ ಹೆಗಲ ಮೇಲೆ ಹಾಕಿಕೊಂಡು, ಅಪ್ಪನ ತಾಟಿನ ಕಡೆ ಒಮ್ಮೆ ನೋಡಿ ಅವ್ವನಿಗೆ ಹೇಳಿದಳು:

"ಅಷ್ಟು ದೊಡ್ಡ ನೌಕರಿ ಬ್ಯಾಡ ಅಂದು ಬಂದು ಹಿಂಗ ಮೂರು ರೊಟ್ಟಿ ತಿನ್ನಾಕತ್ಯಾರ ಅಂದ್ರ, ಮಾಸ್ತರಿಗೆ ಎಲ್ಲೋ ಇದಕ್ಕಿಂತ ಚೊಲೋದು ಸಿಕ್ಕದ ಅಕ್ಕಾ. ನಮಗ ಹೇಳವಲ್ರಿ, ಅಷ್ಟೇ."